ಬ್ಯಾಂಕ್ ಬಿಟ್ಟುಹೋದ ಕಟ್ಟಡ ವಾಚನಾಲಯವಾದ ಬಗೆ

ಬ್ಯಾಂಕುಗಳ ವಿಲೀನವಾದ ಮೇಲೆ ನಮ್ಮ ಕರಾವಳಿಯ ಸಣ್ಣ ಪೇಟೆಗಳಲ್ಲಿ ಹಳೆಯ ಶಾಖಾ ಕಟ್ಟಡಗಳು ಒಂದೊಂದಾಗಿ ಖಾಲಿ ಬೀಳುತ್ತಿವೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿತು, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ಒಂದೇ ಪೇಟೆಯಲ್ಲಿ ಒಂದೇ ಬ್ಯಾಂಕಿನ ಎರಡು ಶಾಖೆ ಯಾಕೆಂದು ಒಂದನ್ನು ಮುಚ್ಚಿ ಇನ್ನೊಂದಕ್ಕೆ ಸೇರಿಸುವುದು ಅದರ ಮುಂದಿನ ಹೆಜ್ಜೆ. ನಮ್ಮ ಅಜ್ಜ ಕಟ್ಟಿಸಿದ ಕಟ್ಟಡದಲ್ಲಿದ್ದ ಶಾಖೆಯೂ ಹಾಗೆಯೇ ಹೋಯಿತು. ಯಾವ ಬ್ಯಾಂಕು, ಯಾವ ಪೇಟೆ ಎಂಬುದು ಇಲ್ಲಿ ಬೇಡ. ಆ ಕಟ್ಟಡ ಈಗ ಊರಿನ ವಾಚನಾಲಯವಾಗಿದೆ. ಅಲ್ಲಿಗೆ ತಲುಪುವಷ್ಟರಲ್ಲಿ ಎರಡು ಮಳೆಗಾಲ ಕಳೆದವು. ನಿಮ್ಮ ಮನೆಯ ಕಟ್ಟಡದಲ್ಲೂ ಬ್ಯಾಂಕಿದ್ದು, ಬಿಟ್ಟುಕೊಡುವ ನೋಟಿಸ್ ಬಂದಿದ್ದರೆ ಇದನ್ನು ಪೂರ್ತಿ ಓದಿ, ಆಮೇಲೆ ಮುಂದುವರಿಯಿರಿ.

ಕಟ್ಟಡದ ಬಗ್ಗೆ ಮೊದಲು ಹೇಳಬೇಕು. ಎದುರಿನ ಭಾಗ ಕೆಂಪು ಕಲ್ಲಿನ ಗೋಡೆ, ಹೆಂಚಿನ ಮಾಡು. ಅಜ್ಜ ಅದನ್ನು ಕಟ್ಟಿಸಿದ್ದು ಜವಳಿ ಅಂಗಡಿಗೆಂದು. 1958ರಲ್ಲಿ ತಿಂಗಳಿಗೆ 75 ರೂಪಾಯಿ ಬಾಡಿಗೆಗೆ ಬ್ಯಾಂಕಿಗೆ ಕೊಟ್ಟರು. ಆ ಕರಾರುಪತ್ರ ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಆಮೇಲೆ ಬ್ಯಾಂಕಿಗೆ ಭದ್ರವಾದ ಕೋಣೆ ಬೇಕಾಯಿತು. ಹಿಂದಿನ ಹಿತ್ತಲಲ್ಲಿ ಆರ್‌ಸಿಸಿ ಸ್ಟ್ರಾಂಗ್ ರೂಮ್, ಅದರ ಪಕ್ಕ ಲಾಕರ್ ಕೋಣೆ ಎದ್ದವು. ಹೀಗಾಗಿ ಒಂದೇ ಸೂರಿನಡಿ ಎರಡು ಬೇರೆ ಬೇರೆ ಕಾಲದ, ಬೇರೆ ಬೇರೆ ಗುಣದ ಕಟ್ಟಡಗಳಿವೆ. ಇದು ಗೊತ್ತಿಲ್ಲದ ಎಂಜಿನಿಯರ್ ಕೈಗೆ ಕೆಲಸ ಕೊಟ್ಟರೆ ಒಂದಕ್ಕೆ ಒಗ್ಗುವುದನ್ನು ಇನ್ನೊಂದಕ್ಕೆ ಮಾಡಿಬಿಡುತ್ತಾರೆ.

ನಮ್ಮ ಕಡೆ ಇಂಥ ಕಟ್ಟಡಗಳು ಇಷ್ಟೊಂದು ಇರುವುದಕ್ಕೆ ಕಾರಣವಿದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಒಂದೊಂದು ಬ್ಯಾಂಕಿಗೆ ಬುನಾದಿ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಆದ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಇಪ್ಪತ್ತೈದೇ ವರ್ಷಗಳಲ್ಲಿ ಒಂದು ಜಿಲ್ಲೆಯ ನೆಲದಿಂದ ಇಷ್ಟು ಬ್ಯಾಂಕುಗಳು ಎದ್ದವು. 1928ರಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಬೀಡಿ ಕಟ್ಟುವವರು, ಮೀನು ಮಾರುವವರು, ಹೋಟೆಲಿನ ಹುಡುಗರು ಎಲ್ಲರಿಗೂ ಬ್ಯಾಂಕು ತಮ್ಮದೇ ಅನಿಸಿದ್ದು ಹಾಗೆ. ನಮ್ಮ ಕಟ್ಟಡದ ಜಗಲಿಯಲ್ಲಿ ಸಂಜೆ ಪಿಗ್ಮಿ ಕಲೆಕ್ಟರ್‌ಗಳು ಚಿಲ್ಲರೆ ಎಣಿಸುತ್ತಾ ಕೂರುತ್ತಿದ್ದುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಹೀಗಾಗಿ ಇದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟೋಣವೆಂಬ ಮಾತು ಬಂದಾಗ ನನಗೂ ತಮ್ಮನಿಗೂ ಒಪ್ಪಲಾಗಲಿಲ್ಲ.

ನೋಟಿಸ್ ಬಂದದ್ದು ಪ್ರಾದೇಶಿಕ ಕಚೇರಿಯಿಂದ, ಒಂದೇ ಹಾಳೆ. ಮೂರು ತಿಂಗಳಲ್ಲಿ ಕಟ್ಟಡ ಬಿಟ್ಟುಕೊಡುತ್ತೇವೆ ಎಂದಿತ್ತು. ಆದರೆ ಆ ಮೂರು ತಿಂಗಳಲ್ಲಿ ಆಗಲಿಲ್ಲ. ಸಿಬ್ಬಂದಿ, ಕಂಪ್ಯೂಟರು, ನಗದು ಎಲ್ಲ ಹೋದರೂ ಲಾಕರುಗಳು ಉಳಿದುಕೊಂಡವು. ಶಾಖೆ ಸ್ಥಳಾಂತರವಾಗಿ ಲಾಕರುಗಳನ್ನು ಸಾಗಿಸಬೇಕಾದಾಗ ಬ್ಯಾಂಕು ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಅದರಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು, ಗ್ರಾಹಕರಿಗೆ ಕನಿಷ್ಠ ಎರಡು ತಿಂಗಳು ಮುಂಚೆ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ 2021ರ ಆಗಸ್ಟ್‌ನ ನಿರ್ದೇಶನ ಹೇಳುತ್ತದೆ. ನಮ್ಮೂರಿನ ಲಾಕರುದಾರರಲ್ಲಿ ಅರ್ಧದಷ್ಟು ಜನ ಮುಂಬೈ, ದುಬೈ, ಮಸ್ಕತ್‌ಗಳಲ್ಲಿದ್ದಾರೆ. ಕೆಲವರು ತೀರಿಕೊಂಡಿದ್ದಾರೆ, ಬೀಗದ ಕೈ ಯಾರ ಬಳಿ ಇದೆ ಎಂದು ಮನೆಯವರಿಗೇ ತಿಳಿದಿಲ್ಲ. ಒಬ್ಬೊಬ್ಬರೇ ರಜೆಯಲ್ಲಿ ಬಂದು ತೆರೆದು ಹೋಗುವವರೆಗೆ ಕೋಣೆ ಬ್ಯಾಂಕಿನ ವಶದಲ್ಲೇ ಇತ್ತು. ಎದುರಿನ ಹಾಲ್ ಖಾಲಿ, ಹಿಂದಿನ ಕೋಣೆಗೆ ಕಾವಲುಗಾರ. ಈ ಕಾಲದ ಬಾಡಿಗೆಯನ್ನು ಬಿಡಬೇಡಿ. ಕೀಲಿಕೈ ನಿಮ್ಮ ಕೈಗೆ ಬರುವ ದಿನದವರೆಗೂ ಬಾಡಿಗೆ ನಡೆಯುತ್ತದೆ ಎಂದು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ನಾವು ಹಾಗೆ ಮಾಡಿದ್ದರಿಂದ ಆ ತಿಂಗಳುಗಳ ಹಣವೇ ಮುಂದೆ ಮಾಡಿನ ಕೆಲಸಕ್ಕೆ ಆಧಾರವಾಯಿತು.

ಕಟ್ಟಡ ಕೈಗೆ ಬರುವ ದಿನ ಮ್ಯಾನೇಜರ್ ಬಂದು, "ಸಹಿ ಹಾಕಿ ಅಕ್ಕ, ಕೀಲಿಕೈ ತಗೊಳ್ಳಿ" ಎಂದರು. ನಾವು ಮೊದಲು ಒಳಗೆ ಸುತ್ತು ಹಾಕಿ ಬಂದೆವು. ಅಟ್ಟದ ಮೇಲೆ ಕೆಂಪು ಬಟ್ಟೆ ಸುತ್ತಿದ ಲೆಡ್ಜರುಗಳು ಮಾಡಿನವರೆಗೆ ಪೇರಿಸಿದ್ದವು. ಒಂದನ್ನು ಬಿಚ್ಚಿದರೆ ಒಳಗೆ ಜನರ ಹೆಸರು, ವಿಳಾಸ, ಮಾದರಿ ಸಹಿ, ಹೆಬ್ಬೆಟ್ಟಿನ ಗುರುತು. ಹಳೆಯ ಕಾಗದವೆಂದು ಗುಜರಿಯವನಿಗೆ ಕೊಡುವಂಥದ್ದಲ್ಲ ಅದು. ದಾಖಲೆಗಳನ್ನು ಎಷ್ಟು ಕಾಲ ಇಡಬೇಕೆಂಬುದಕ್ಕೆ 1985ರ ನಿಯಮಗಳಿವೆ, ಕೆಲವಕ್ಕೆ 5 ವರ್ಷ, ಕೆಲವಕ್ಕೆ 8 ವರ್ಷ. ಅವಧಿ ಮುಗಿದಿದ್ದರೂ ಅದನ್ನು ನಾಶಮಾಡಬೇಕಾದವರು ಬ್ಯಾಂಕಿನವರೇ ಹೊರತು ಕಟ್ಟಡದ ಮಾಲೀಕರಲ್ಲ. ಎಲ್ಲವನ್ನೂ ಅವರೇ ಸಾಗಿಸಿಕೊಂಡು ಹೋಗುವವರೆಗೆ ನಾವು ಸಹಿ ಹಾಕಲಿಲ್ಲ. ಒಂದು ಲಾರಿ ತುಂಬ ಹೋಯಿತು. ಸ್ವಾಧೀನ ಪತ್ರದಲ್ಲಿ ಗೋಡೆಯ ಸ್ಥಿತಿ, ಕಿಟಕಿ ಬಾಗಿಲುಗಳ ಲೆಕ್ಕ, ವಿದ್ಯುತ್ ಮೀಟರಿನ ರೀಡಿಂಗ್, ಉಳಿಸಿಹೋಗುವ ವಸ್ತುಗಳ ಪಟ್ಟಿ ಎಲ್ಲ ಬರೆಸಿ. ಫೋಟೋ ತೆಗೆದಿಡಿ.

ಸ್ಟ್ರಾಂಗ್ ರೂಮಿನ ಬಾಗಿಲಿನದ್ದು ಬೇರೆಯೇ ಕಥೆ. ಒಂದು ಟನ್‌ಗಿಂತ ಹೆಚ್ಚು ತೂಕದ ಉಕ್ಕಿನ ಬಾಗಿಲು ಅದು, ಹಿಡಿ ತಿರುಗಿಸಿದರೆ ನಾಲ್ಕೂ ಕಡೆ ಹೆಬ್ಬೆರಳಿಗಿಂತ ದಪ್ಪದ ಸರಳುಗಳು ಚೌಕಟ್ಟಿನೊಳಗೆ ಹೋಗುತ್ತವೆ. ಬ್ಯಾಂಕಿನ ಲೆಕ್ಕದಲ್ಲಿ ಅದು ಅವರ ಚರಾಸ್ತಿ, ಹರಾಜು ಹಾಕಬೇಕು. ಆದರೆ ಅದರ ಚೌಕಟ್ಟು ನಮ್ಮ ಕಾಂಕ್ರೀಟ್ ಗೋಡೆಯೊಳಗೆ ಹೂತಿದೆ, ಕೀಳಬೇಕಾದರೆ ಗೋಡೆ ಒಡೆಯಬೇಕು. ಗೋಡೆ ಸರಿಮಾಡಿಕೊಡುವ ಖರ್ಚು ಯಾರದೆಂದು ನಾವು ಪತ್ರ ಬರೆದೆವು. ಉತ್ತರ ಬರಲು ಬಹಳ ಕಾಲ ಹಿಡಿಯಿತು. ಕೊನೆಗೆ ಗುಜರಿ ಬೆಲೆ ಕಟ್ಟಿ, 42,000 ರೂಪಾಯಿಗೆ ಬಾಗಿಲನ್ನು ನಮಗೇ ಬಿಟ್ಟರು. ಹಳೆಯ ಮರದ ಕೌಂಟರನ್ನೂ ಅದರ ಹಿತ್ತಾಳೆ ಜಾಲರಿಯನ್ನೂ ಇದೇ ಪತ್ರದಲ್ಲಿ ಸೇರಿಸಿ ಕೇಳಿದ್ದೆವು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಏನೇನು ಬೇಕೋ ಎಲ್ಲವನ್ನೂ ಒಂದೇ ಪತ್ರದಲ್ಲಿ ಕೇಳಿ. ಎರಡನೇ ಪತ್ರಕ್ಕೆ ಎರಡನೇ ಫೈಲು ಹುಟ್ಟುತ್ತದೆ.

ಇಷ್ಟರಲ್ಲಿ ಕಾಗದಪತ್ರಗಳ ಕೆಲಸವನ್ನೂ ಶುರುಮಾಡಿದ್ದೆವು, ಎಲ್ಲಕ್ಕಿಂತ ಹೆಚ್ಚು ದಣಿಸಿದ್ದು ಅದೇ. ಕಟ್ಟಡದ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಬಾಡಿಗೆ ತಿಂಗಳು ತಿಂಗಳು ಅಪ್ಪನ ಬ್ಯಾಂಕ್ ಖಾತೆಗೆ ಬರುತ್ತಿದ್ದುದರಿಂದ ಯಾರಿಗೂ ಅದರ ಕಡೆ ನೋಡುವ ಅಗತ್ಯ ಬಂದಿರಲಿಲ್ಲ. ಪಟ್ಟಣ ಪಂಚಾಯತ್‌ನಲ್ಲಿ ಇ-ಖಾತೆ ಆಗಬೇಕಾದರೆ ಅಜ್ಜನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮೂಲ ದಾಖಲೆ, ತೆರಿಗೆ ರಶೀದಿಗಳು, ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ ಎಲ್ಲ ಬೇಕು. ಅಜ್ಜ ತೀರಿಕೊಂಡದ್ದು ಆಧಾರ್ ಬರುವುದಕ್ಕೂ ಬಹಳ ಮೊದಲು. ಒಂದು ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಮನೆತನದ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು. ಇಂಥ ಅಫಿಡವಿಟ್‌ಗಳನ್ನು ಒಂದೇ ಸಲ ನಾಲ್ಕೈದು ಪ್ರತಿ ಮಾಡಿಸಿಡಿ, ಪ್ರತಿ ಕಚೇರಿಯೂ ಮೂಲಪ್ರತಿ ಕೇಳುತ್ತದೆ.

ಮುಂಬೈಯಲ್ಲಿರುವ ಅತ್ತೆಯಂದಿರ ಪಾಲಿನ ಮಾತೂ ಇತ್ತು. ಮಾರಿ ಹಣ ಹಂಚಿಕೊಳ್ಳೋಣ ಎಂಬುದು ಮೊದಲು ಅವರ ಅಭಿಪ್ರಾಯವಾಗಿತ್ತು. ಅದು ತಪ್ಪಲ್ಲ, ಅವರ ಹಕ್ಕು ಅದು. ದೊಡ್ಡತ್ತೆ ಊರಿಗೆ ಬಂದು, ಖಾಲಿ ಹಾಲ್‌ನಲ್ಲಿ ನಿಂತು, "ನನ್ನ ಮದುವೆಗೆ ಸಾಲ ಕೊಟ್ಟದ್ದು ಇದೇ ಮೇಜಿನಲ್ಲಿ ಮಾರಾಯ್ತಿ" ಎಂದರು. ಆದರೂ ಮಾತುಕತೆ ಮುಗಿದದ್ದು ಭಾವನೆಯಿಂದಲ್ಲ. ಹಿಂದಿನ ತೆಂಗಿನ ತೋಟವನ್ನು ಅವರ ಪಾಲಿಗೆ ಬಿಟ್ಟು, ಕಟ್ಟಡದ ಮೇಲೆ ಅವರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿ ನೋಂದಣಿ ಮಾಡಿಸಿದೆವು. ಬಾಯಿಮಾತಿನ ಒಪ್ಪಿಗೆಯ ಮೇಲೆ ಇಂಥ ಕಟ್ಟಡಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ, ಎಷ್ಟೇ ಪ್ರೀತಿಯ ಮನೆಯಾದರೂ.

ಋಣಭಾರ ಪತ್ರ ಕೈಗೆ ಬಂದಾಗ ಯಾರೂ ಊಹಿಸದ ತೊಡಕು ಎದ್ದಿತು. 2004ರಿಂದ ಈಚಿನದು ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಕ್ಕಿತ್ತು, ಯಾವ ವ್ಯವಹಾರವೂ ಇಲ್ಲವೆಂದು ನಮೂನೆ 16ರಲ್ಲಿ ಬಂದಿತ್ತು. ಹಳೆಯದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಕೈಬರಹದ ಪುಸ್ತಕ ಹುಡುಕಿಸಬೇಕಾಯಿತು. ಅದು ಬಂದದ್ದು ನಮೂನೆ 15ರಲ್ಲಿ, ಅಂದರೆ ವ್ಯವಹಾರ ಇದೆ ಎಂದು. ಅದರಲ್ಲಿ ಇದೇ ಬ್ಯಾಂಕಿಗೆ ಅಜ್ಜ ಬರೆದುಕೊಟ್ಟ ಅಡಮಾನವೊಂದು ಕಾಣಿಸಿತು. ಸ್ಟ್ರಾಂಗ್ ರೂಮ್ ಕಟ್ಟಲು ಬ್ಯಾಂಕೇ ಅಜ್ಜನಿಗೆ ಸಾಲ ಕೊಟ್ಟಿತ್ತು, ಬಾಡಿಗೆಯಲ್ಲಿ ಕಂತು ಮುರಿದುಕೊಂಡು ಸಾಲ ತೀರಿತ್ತು. ಆ ಕಾಲದಲ್ಲಿ ಬ್ಯಾಂಕುಗಳು ಕಟ್ಟಡದ ಮಾಲೀಕರಿಗೆ ಹೀಗೆ ಸಾಲ ಕೊಡುವುದು ಸಾಮಾನ್ಯವಾಗಿತ್ತು. ಸಾಲ ತೀರಿದರೂ ಅಡಮಾನ ಬಿಡುಗಡೆಯ ಪತ್ರ ಮಾತ್ರ ನೋಂದಣಿಯಾಗಿರಲಿಲ್ಲ. ಈಗ ಆ ಬ್ಯಾಂಕಿನ ಹೆಸರೇ ಇಲ್ಲ. ವಿಲೀನವಾದ ಬ್ಯಾಂಕಿನವರು "ಆ ಖಾತೆ ನಮ್ಮ ಸಿಸ್ಟಮ್‌ನಲ್ಲಿ ಇಲ್ಲ, ಇಲ್ಲದ ಸಾಲಕ್ಕೆ ಬಿಡುಗಡೆ ಹೇಗೆ ಕೊಡುವುದು" ಎಂದರು. ಪಂಚಾಯತ್‌ನಲ್ಲಿ "ಬಿಡುಗಡೆ ಪತ್ರ ತನ್ನಿ" ಎಂದರು. ಆ ವಾರಗಳಲ್ಲಿ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಮನೆಯಲ್ಲಿ ಎಲ್ಲರ ಮಾತೂ ಗಡುಸಾಗಿತ್ತು.

ಬಾಗಿಲು ತೆರೆದದ್ದು ಅಜ್ಜನ ಹಳೆಯ ಪಾಸ್‌ಬುಕ್. ಕೊನೆಯ ಕಂತಿನ ಸಾಲಿನ ಪಕ್ಕ ಖಾತೆ ಮುಕ್ತಾಯ ಎಂದು ಸೀಲು, ಸಹಿ ಇತ್ತು. ಅದರ ಜೊತೆ ನಿವೃತ್ತ ಮ್ಯಾನೇಜರ್ ಒಬ್ಬರು ಪ್ರಾದೇಶಿಕ ಕಚೇರಿಗೆ ಹೇಗೆ ಬರೆಯಬೇಕೆಂದು ಹೇಳಿಕೊಟ್ಟರು: ವಿಲೀನದ ನಂತರ ಹಳೆಯ ಬ್ಯಾಂಕಿನ ಹಕ್ಕು, ಹೊಣೆ ಎರಡೂ ಹೊಸ ಬ್ಯಾಂಕಿಗೆ ಬಂದಿವೆ, ಆದ್ದರಿಂದ ಅಡಮಾನ ಬಿಡುಗಡೆ ಮಾಡಬೇಕಾದವರೂ ನೀವೇ ಎಂದು. ಕಾನೂನು ವಿಭಾಗದ ಒಪ್ಪಿಗೆಯಾಗಿ ಅಧಿಕಾರಿಯೊಬ್ಬರು ಬಂದು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಈಗ ಸಾಲ ತೀರಿಸುವವರಿಗೆ ಇಷ್ಟು ಕಷ್ಟವಿಲ್ಲ. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಆಸ್ತಿಯ ಮೂಲ ದಾಖಲೆ ಹಿಂದಿರುಗಿಸಿ ನೋಂದಾಯಿತ ಋಣವನ್ನು ತೆಗೆಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮವಿದೆ. ನಮ್ಮಂಥ ಹಳೆಯ ಪ್ರಕರಣಕ್ಕೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಮನೆಯಲ್ಲಿರುವ ಹಳೆಯ ಪಾಸ್‌ಬುಕ್, ರಶೀದಿ, ಕರಾರು ಯಾವುದನ್ನೂ ಕಸವೆಂದು ಎಸೆಯಬೇಡಿ.

ಕಾಗದಗಳು ಓಡಾಡುತ್ತಿದ್ದಾಗ ಉಡುಪಿಗೆ ಹೋಗಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯನ್ನು ನೋಡಿ ಬಂದೆವು. 1906ರಲ್ಲಿ 5,000 ರೂಪಾಯಿ ಬಂಡವಾಳದಿಂದ ಬ್ಯಾಂಕು ಕಟ್ಟಿದವರ ಆ ಮನೆ ಈಗ ನಾಣ್ಯಗಳ ಸಂಗ್ರಹಾಲಯ. ಹಳೆಯ ಮರಮಟ್ಟು, ಹಳೆಯ ಗೋಡೆ ಇಟ್ಟುಕೊಂಡೇ ಹೊಸ ಉಪಯೋಗಕ್ಕೆ ತಂದಿದ್ದಾರೆ. ಅದನ್ನು ನೋಡಿದ ಮೇಲೆ ನಮ್ಮ ಕಟ್ಟಡಕ್ಕೂ ದಾರಿಯಿದೆ ಎಂಬ ಧೈರ್ಯ ಬಂತು. ಊರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಕೂರಲು ಜಾಗವಿಲ್ಲದೆ ದೇವಸ್ಥಾನದ ಸಭಾಂಗಣದಲ್ಲಿ ಕೂರುತ್ತಿದ್ದರು. ವಾಚನಾಲಯವೆಂದು ನಿರ್ಧಾರವಾದದ್ದು ಆಗ.

ಮಾಡಿನ ಕೆಲಸ ಪತ್ತನಾಜೆಯೊಳಗೆ, ಅಂದರೆ ಮಳೆಗಾಲಕ್ಕೆ ಮುಂಚೆ ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುನಾಡಿನ ಆ ದಿನದೊಳಗೆ, ಮುಗಿಯಬೇಕೆಂದು ಹಟ ಹಿಡಿದೆವು. ಮೇ ಕೊನೆಗೆ ಹೆಂಚು ತೆರೆದಿಟ್ಟವರ ಪಾಡು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬ್ಯಾಂಕಿನವರು ಎಸಿಗಾಗಿ ಹಾಕಿದ್ದ ಫಾಲ್ಸ್ ಸೀಲಿಂಗ್ ಬಿಚ್ಚಿದಾಗ ಮೇಲೆ ಹಳೆಯ ಮಾಡು ಕಂಡಿತು. ಕಿರಾಲುಬೋಗಿ ಮರದ ಪಕ್ಕಾಸುಗಳು, ಅಂದರೆ ಮಾಡು ಹೊರುವ ಇಳಿಜಾರು ತೊಲೆಗಳು, ಕಪ್ಪಾಗಿದ್ದವು, ಆದರೆ ಗಟ್ಟಿಯಾಗಿದ್ದವು. ಆಚಾರ್ರು ಒಂದೊಂದಕ್ಕೂ ಉಳಿಯ ಹಿಡಿಯಿಂದ ಬಡಿದು ಸದ್ದು ಕೇಳಿದರು. ಟಣ್ ಎಂದರೆ ಮುಂದಕ್ಕೆ, ಮಂಕಾಗಿ ಕೇಳಿದರೆ ಸೀಮೆಸುಣ್ಣದ ಗುರುತು. ಗುರುತು ಬಿದ್ದದ್ದು ಬಹುತೇಕ ಗೋಡೆಗೆ ಕೂರುವ ತುದಿಗಳಲ್ಲಿ ಮಾತ್ರ, ಅಲ್ಲಿ ಒರಲೆ ಹಿಡಿದಿತ್ತು. ಹೆಂಚು ಕೂರುವ ರೀಪುಗಳನ್ನು ಎಲ್ಲ ಬದಲಾಯಿಸಿದೆವು. ಹೆಂಚುಗಳಲ್ಲಿ ಕೆಲವಕ್ಕೆ ಬಾಸೆಲ್ ಮಿಷನ್ ಮುದ್ರೆ ಇತ್ತು. 1865ರಲ್ಲಿ ಮಂಗಳೂರಿನ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದವರು ಅವರೇ. ಒಡೆಯದ ಹೆಂಚುಗಳನ್ನು ತೊಳೆದು ಎದುರಿನ ಇಳಿಜಾರಿಗೇ ಹಾಕಿಸಿದೆವು. ಕಡಿಮೆ ಬಿದ್ದದ್ದನ್ನು ಮೂಡುಬಿದಿರೆ ಕಡೆ ಕೆಡವುತ್ತಿದ್ದ ಹಳೆಮನೆಯೊಂದರಿಂದ ತಂದೆವು.

ಗೋಡೆಯ ವಿಷಯದಲ್ಲಿ ದಯವಿಟ್ಟು ಗಮನ ಕೊಡಿ. ಕೆಂಪು ಕಲ್ಲು ಮಳೆಗಾಲದಲ್ಲಿ ನೀರು ಎಳೆದುಕೊಳ್ಳುತ್ತದೆ, ಬಿಸಿಲಿಗೆ ಬಿಡುತ್ತದೆ. ಹಳಬರು ಸುಣ್ಣದ ಗಾರೆ ಹಾಕುತ್ತಿದ್ದುದು ಅದಕ್ಕೇ. ಬ್ಯಾಂಕಿನ ಕಾಲದಲ್ಲಿ ಅದರ ಮೇಲೆ ಸಿಮೆಂಟ್ ಗಾರೆ, ಪುಟ್ಟಿ, ಎಣ್ಣೆ ಬಣ್ಣ ಬಿದ್ದಿತ್ತು. ನೀರು ಹೊರಗೆ ಹೋಗಲಾರದೆ ಗೋಡೆಯ ಬುಡ ಹೊಪ್ಪಳಿಸಿತ್ತು. ಸೊಂಟದೆತ್ತರದವರೆಗೆ ಎಲ್ಲವನ್ನೂ ಕೆತ್ತಿ, ಒಂದು ಬೇಸಗೆ ಪೂರ್ತಿ ಬರಿಗೋಡೆ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಹಾಕಿಸಿದೆವು. ಬೇಗ ಮುಗಿಸಿಕೊಡುತ್ತೇನೆಂದು ಸಿಮೆಂಟ್ ಹಾಕಲು ಬಂದ ಗುತ್ತಿಗೆದಾರರನ್ನು ವಾಪಸ್ ಕಳುಹಿಸಿದೆವು. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಕಡಿಮೆ. ಕಾರ್ಕಳದ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಸಿಕ್ಕಿದ್ದು ನಮ್ಮ ಪುಣ್ಯ.

ಸ್ಟ್ರಾಂಗ್ ರೂಮ್ ಒಡೆಯೋಣವೇ ಎಂದು ಕೇಳಿದ್ದಕ್ಕೆ ಆ ಮೇಸ್ತ್ರಿಯೇ, "ಅಕ್ಕ, ಇದನ್ನು ಒಡೆಯುವ ಖರ್ಚಲ್ಲಿ ಇನ್ನೊಂದು ಕೋಣೆ ಕಟ್ಟಬಹುದು" ಎಂದರು. ಒಂದಡಿ ದಪ್ಪದ ಕಾಂಕ್ರೀಟು, ಒಳಗೆ ಎರಡು ಸಾಲು ಕಬ್ಬಿಣ. ಎಲ್ಲರೂ ಅಪರೂಪದ ಪುಸ್ತಕಗಳನ್ನು ಅಲ್ಲಿಡಿ, ಭದ್ರವಾಗಿರುತ್ತದೆ ಎಂದರು. ಜೂನ್‌ನಲ್ಲಿ ಪರೀಕ್ಷೆಗೆಂದು ಒಂದು ಕಟ್ಟು ಹಳೆಯ ವಾರಪತ್ರಿಕೆ ಇಟ್ಟು ನೋಡಿದೆವು. ಆಗಸ್ಟ್ ಹೊತ್ತಿಗೆ ಬೂಸ್ಟು ಹಿಡಿದಿತ್ತು. ಕಿಟಕಿಯಿಲ್ಲದ ಕೋಣೆ ಕಳ್ಳರಿಂದ ಕಾಯುತ್ತದೆ, ತೇವದಿಂದ ಕಾಯುವುದಿಲ್ಲ. ಪುಸ್ತಕಗಳು ಎದುರಿನ ಹಾಲ್‌ನಲ್ಲೇ ಇವೆ, ಸ್ಟ್ರಾಂಗ್ ರೂಮಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಧ್ವನಿವರ್ಧಕ, ಪೆಂಡಾಲಿನ ಸಾಮಾನು. ಮಂಗಳೂರಿನಿಂದ ವಜ್ರದ ಅಲಗಿನ ಕಟ್ಟರ್ ತರಿಸಿ ಎರಡು ಗಾಳಿಕಂಡಿ ಕೊರೆಸಿ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದೇವೆ. ಎಲ್ಲಕ್ಕಿಂತ ಮುಖ್ಯವಾದ ಮಾತು: ಮಕ್ಕಳು ಬರುವ ಜಾಗದಲ್ಲಿ ಇಂಥ ಬಾಗಿಲು ಇದ್ದರೆ ಅದರ ಬೀಗದ ಯಂತ್ರವನ್ನು ಮೊದಲ ದಿನವೇ ತೆಗೆಸಿ. ನಾವು ಸರಳುಗಳನ್ನು ಒಳಗೆಳೆದ ಸ್ಥಿತಿಯಲ್ಲಿ ವೆಲ್ಡ್ ಮಾಡಿಸಿ, ಬಾಗಿಲನ್ನು ಪೂರ್ತಿ ತೆರೆದಿಟ್ಟು ನೆಲಕ್ಕೆ ಬೋಲ್ಟ್ ಹಾಕಿಸಿದ್ದೇವೆ. ಒಳಗೆ ಯಾರಾದರೂ ಸಿಕ್ಕಿಬಿದ್ದರೆ ಹೊರಗೆ ಕೂಗು ಕೇಳಿಸುವುದೇ ಇಲ್ಲ.

ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ಬ್ಯಾಂಕಿನ ಹೆಸರಿನಲ್ಲಿತ್ತು. ಹೆಸರು ಬದಲಾವಣೆಗೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಬೇಕು, ಅದನ್ನು ಸ್ವಾಧೀನದ ದಿನವೇ ಬರೆಸಿಕೊಳ್ಳಿ. ಎಸಿ, ಎಟಿಎಂಗಾಗಿ ಪಡೆದಿದ್ದ ಲೋಡ್ ಹಾಗೇ ಬಿಟ್ಟರೆ ಫ್ಯಾನು ತಿರುಗದಿದ್ದರೂ ನಿಗದಿ ಶುಲ್ಕ ಬರುತ್ತಲೇ ಇರುತ್ತದೆ. ಲೋಡ್ ಇಳಿಸಲು ಅರ್ಜಿ ಕೊಟ್ಟ ಮೇಲೆ ಬಿಲ್ಲು ಅರ್ಧಕ್ಕಿಂತ ಕೆಳಗೆ ಬಂತು.

ವಾಚನಾಲಯವನ್ನು ನಮ್ಮ ಮನೆಯ ಹೆಸರಿನಲ್ಲಿ ನಡೆಸುವುದು ಬೇಡವೆಂದು ಸಂಘ ಕಟ್ಟಿದೆವು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ ಏಳು ಜನ ಬೇಕು. ಇಬ್ಬರು ನಿವೃತ್ತ ಶಿಕ್ಷಕಿಯರು, ಒಬ್ಬರು ಔಷಧಿ ಅಂಗಡಿಯವರು, ಹಿಂದೆ ಇದೇ ಶಾಖೆಯಲ್ಲಿ ಪಿಗ್ಮಿ ಸಂಗ್ರಹಿಸುತ್ತಿದ್ದ ಒಬ್ಬರು ಸೇರಿದ್ದಾರೆ. ಹಿತ್ತಾಳೆ ಜಾಲರಿಯ ಕೌಂಟರಿನಲ್ಲಿ ಈಗ ಪುಸ್ತಕ ಕೊಡುವುದು, ಹಿಂದಕ್ಕೆ ಪಡೆಯುವುದು. ಮ್ಯಾನೇಜರ್ ಕ್ಯಾಬಿನ್‌ನಲ್ಲಿ ಶನಿವಾರ ಒಬ್ಬರು ಕುಳಿತು ಹಿರಿಯರಿಗೆ ಪಿಂಚಣಿ ಅರ್ಜಿ ತುಂಬಿಕೊಡುತ್ತಾರೆ. ಶಾಖೆ ಹೋಗಿ ಇಷ್ಟು ಕಾಲವಾದರೂ ಪಾಸ್‌ಬುಕ್ ಹಿಡಿದು ಬರುವ ಅಜ್ಜಿಯರಿದ್ದಾರೆ. ಅವರನ್ನು ಕೂರಿಸಿ, ನೀರು ಕೊಟ್ಟು, ಹೊಸ ಶಾಖೆಗೆ ಬಸ್ಸು ಯಾವುದೆಂದು ಹೇಳುವುದೂ ನಮ್ಮ ಕೆಲಸಗಳಲ್ಲೊಂದು.

ಖರ್ಚಿನ ಲೆಕ್ಕ ಕೇಳುವವರಿಗೆ: ಮಾಡಿಗೆ 3 ಲಕ್ಷ 80 ಸಾವಿರ, ಗೋಡೆ ಮತ್ತು ಸುಣ್ಣದ ಕೆಲಸಕ್ಕೆ 2 ಲಕ್ಷ 60 ಸಾವಿರ, ವಯರಿಂಗ್ ಪೂರ್ತಿ ಹೊಸದು 1 ಲಕ್ಷ 40 ಸಾವಿರ. ಶೌಚಾಲಯ, ಇಳಿಜಾರು ದಾರಿ, ಕಪಾಟು, ಕಾಗದಪತ್ರ ಎಲ್ಲ ಸೇರಿ ಒಟ್ಟು 12 ಲಕ್ಷ ದಾಟಿತು. ಕೆಡವಿ ಹೊಸದು ಕಟ್ಟಲು ಬಂದ ಅಂದಾಜು ಇದರ ಐದು ಪಟ್ಟಿಗೂ ಮೇಲಿತ್ತು. ಆಸ್ತಿ ತೆರಿಗೆಯನ್ನು ವಾಣಿಜ್ಯ ದರದಿಂದ ಬದಲಿಸಲು ಕೊಟ್ಟ ಅರ್ಜಿ ಇನ್ನೂ ಪಂಚಾಯತ್‌ನಲ್ಲಿದೆ. ಆ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಅದನ್ನೇ ಅರ್ಜಿಯಲ್ಲಿ ಬರೆದಿದ್ದೇವೆ. ಮುಂದಿನ ಸೋಮವಾರ ಅದರ ವಿಚಾರಣೆ ಇದೆ, ಸ್ಥಳ ಪರಿಶೀಲನೆಗೆ ಬರುವವರಿಗೆ ಓದುವವರನ್ನೇ ತೋರಿಸುವುದೆಂದು ಬೆಳಿಗ್ಗೆ ಎಂಟಕ್ಕೇ ತೆರೆಯುತ್ತೇವೆ.